ಬಂದರಿಗೆ ಕಟ್ಟಿದ ನೀರು

ಬಿಸಿಲು ತಿಂಗಳು, 2

ನಮ್ಮ ಲೋಕದಲ್ಲಿ ಸೂರ್ಯ ಯಾವ ಕಡೆ ಹುಟ್ಟಬೇಕೆಂದು ತೀರ್ಮಾನ ಮಾಡಿದವನು ನಾನು. ಇವತ್ತು ಕಣಿವೆಯ ಮೇಲಿರುವ ಬಯಲಿನಲ್ಲಿ ಬಂದರಿನ ಜಾಗ ಗುರುತು ಹಾಕುವಾಗ ಅಕ್ಕನ ಮಗಳು ಕೇಳಿದಳು: "ಮಾವ, ಇಲ್ಲಿ ಸೂರ್ಯ ಎಲ್ಲಿಂದ ಬರ್ತಾನೆ?" ನಾನು ಮೀಸೆ ಸವರಿಕೊಂಡು ಎರಡು ಗುಡ್ಡಗಳ ನಡುವಿನ ಕಿಂಡಿ ತೋರಿಸಿದೆ. ಅವಳು ಹಾಗೆಯೇ ಗೆರೆ ಎಳೆದಳು. ಇನ್ನು ಅವನು ಅಲ್ಲಿಂದಲೇ ಬರಬೇಕು, ಬೇರೆ ದಾರಿಯಿಲ್ಲ.

ಅಕ್ಕನ ಮಗಳೇ ಬಂದರಿನ ಯೋಜನೆಯ ಮುಖ್ಯಸ್ಥೆ. ಕಂಕುಳಲ್ಲಿ ಯಾವಾಗಲೂ ಒಂದು ಸುರುಳಿ ಇರುತ್ತದೆ. ಅದಕ್ಕೇ ನಾನು ಅವಳಿಗೆ ನಕ್ಷೆ ಎಂದು ಹೆಸರಿಟ್ಟೆ. ಈಗ ಅವಳ ಆಫೀಸಿನವರೂ ಹಾಗೇ ಕರೆಯುತ್ತಾರೆ. ನಾನು ಮುಖ್ಯ ಮೇಸ್ತ್ರಿ. ಕಣಿವೆ ತುದಿಯ ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದೇನೆ. ಐದನೆಯದಕ್ಕೆ ನನಗೆ ಕಲಿಸುವಂಥ ವಿಷಯ ಅವರ ಹತ್ತಿರ ಉಳಿದಿರಲಿಲ್ಲ.

ಸಮುದ್ರವನ್ನೇ ನೋಡದವರಿಗೆ ಬಂದರು ಏಕೆ ಎಂದು ನಮ್ಮೂರ ಬಡಗಿ ಗೇಲಿ ಮಾಡಿದ. ಆಕಾಶದ ಬಂದರು ಕಣಯ್ಯ, ಎಂದೆ. ಹದಿನಾಲ್ಕು ವರ್ಷಕ್ಕೊಮ್ಮೆ ಒಂದು ಹಡಗು ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಕೊಡೆ ಕಟ್ಟಿದ ಮೂಟೆಗಳನ್ನು ಉದುರಿಸುತ್ತದೆ, ಹೋಗುತ್ತದೆ. ಇಳಿದರೆ ಮತ್ತೆ ಏಳಲು ಗಟ್ಟಿ ನೆಲ ಬೇಕು, ನಮ್ಮಲ್ಲಿರುವುದು ಪುಡಿಮಣ್ಣು. ಈ ಸಲ ನೆಲ ಸಿದ್ಧವಿದ್ದರೆ ಇಳಿಯುತ್ತೇವೆ, ನಲವತ್ತು ಜನರನ್ನು ಕರೆದೊಯ್ಯುತ್ತೇವೆ ಎಂದು ಹಡಗಿನವರು ರೇಡಿಯೋದಲ್ಲಿ ಹೇಳಿದ್ದಾರೆ.

ಆ ಹಡಗಿನಲ್ಲಿ ಆಸ್ಪತ್ರೆ ಇದೆ. ಅಕ್ಕನ ಎದೆಯೊಳಗೆ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಅದನ್ನು ಸರಿಮಾಡುವ ಸಲಕರಣೆ ಇಲ್ಲಿ ಯಾರ ಹತ್ತಿರವೂ ಇಲ್ಲ, ಅಲ್ಲಿದೆ. ಕಾಯಿಲೆಯವರಿಗೆ ಮೊದಲ ಜಾಗ ಎಂದು ತೀರ್ಮಾನವಾಗಿದೆ. ಹಡಗು ಬಿಸಿಲು, ಗಾಳಿ ಕಳೆದು ಮಂಕು ತಿಂಗಳಲ್ಲಿ ಬರುತ್ತದೆ. ಅಷ್ಟರೊಳಗೆ ನೆಲ ಹಾಕಬೇಕು. ನಾನಿದ್ದೇನೆ, ಹಾಕುತ್ತೇನೆ.

ಬಿಸಿಲು ತಿಂಗಳು, 9

ಇವತ್ತು ಸಭೆಯಲ್ಲಿ ಬಂದರನ್ನು ಉಳಿಸಿದೆ.

ಕಲ್ಲು, ಮರಳು, ಸುಣ್ಣದ ಪುಡಿ, ಯಾವುದಕ್ಕೂ ಬರವಿಲ್ಲ. ಕಾಂಕ್ರೀಟು ಕಲೆಸಲು ನೀರೇ ಇಲ್ಲ. ಬಿಸಿ ಊಟೆಯಿಂದ ಜಿನುಗುವುದೆಲ್ಲ ಊರ ತೊಟ್ಟಿಗೆ ಹೋಗುತ್ತದೆ. ತೊಟ್ಟಿಯಲ್ಲಿ ಒಂದೊಂದು ಮನೆಗೆ ಒಂದೊಂದು ಪಾಲು. ಅಜ್ಜಂದಿರ ಕಾಲದಿಂದ ಕುಡಿಯದೆ, ತೊಳೆಯದೆ ಉಳಿಸಿದ್ದು. ಅದರಲ್ಲಿ ಬಂದರಿಗೆ ಬಿಡುವವರು ಬಿಡಿ ಎಂದರು. ಬಡಗಿ ಐವತ್ತು ಕೊಡ ಎಂದ. ಡಾಕ್ಟರು ಮೂವತ್ತು. ಆಮೇಲೆ ಎಲ್ಲರೂ ತಮ್ಮ ತಮ್ಮ ಕಾಲಿನ ಉಗುರು ನೋಡುತ್ತ ಕೂತರು. ತೊಟ್ಟಿಯ ಲೆಕ್ಕ ಇಡುವವನು ಕೊರತೆ ಬಿದ್ದಿದೆ, ಯೋಜನೆ ಕೈಬಿಡೋಣ ಎಂದು ಎದ್ದ. ನಕ್ಷೆ ಸುರುಳಿ ಸುತ್ತತೊಡಗಿದಳು. ಅವಳು ಸುತ್ತುವ ರೀತಿ ನನಗೆ ಹಿಡಿಸಲಿಲ್ಲ.

ಎದ್ದು ನಿಂತು ಹೇಳಿದೆ: "ಎಷ್ಟು ಕೊರತೆಯೋ ಅಷ್ಟೂ ನನ್ನ ಹೆಸರಿಗೆ ಹಾಕ್ಕೊಳ್ಳಯ್ಯ."

"ಎಷ್ಟು ಅಂತ ಕೇಳೋದಿಲ್ವಾ, ಮಾವ?" ಎಂದ ತೊಟ್ಟಿಯವನು. ಇಡೀ ಊರಿಗೆ ನಾನು ಮಾವನೇ.

"ಕೇಳೋದು ಚಿಲ್ಲರೆ ಜನ."

ಚಪ್ಪಾಳೆ ಬಿತ್ತು. ಬಡಗಿಯ ಮುಖ ನೋಡಬೇಕಿತ್ತು. ಆಮೇಲೆ ತೊಟ್ಟಿಯವನು ಕಿವಿಯಲ್ಲಿ ಎಷ್ಟೆಂದು ಹೇಳಿದ. ಏನೋ ಒಂದು ನಲವತ್ತು ಕೊಡ. ದೊಡ್ಡ ವಿಷಯವಲ್ಲ.

ಬಿಸಿಲು ತಿಂಗಳು, 10

ಸುದ್ದಿ ಅಕ್ಕನ ಕಿವಿಗೂ ಬಿದ್ದಿದೆ. ತೊಟ್ಟಿಯ ಪಾಲು ನನ್ನ ಹೆಸರಿನಲ್ಲಿದ್ದರೂ ಮನೆಯ ಯಜಮಾನಿ ಅವಳೇ.

"ಎಷ್ಟು ಕೊಟ್ಟೆಯೋ, ಧರ್ಮಾತ್ಮ?"

"ನಲವತ್ತು."

"ಹಾಗಿದ್ರೆ ನಾಲ್ಕು ಇರ್ಬೇಕು. ನೀನು ಹೇಳಿದ್ದನ್ನೆಲ್ಲ ಹತ್ತರಿಂದ ಭಾಗಿಸಿಯೇ ನಾನು ಇಷ್ಟು ವರ್ಷ ಬಾಳಿದ್ದು."

ನಕ್ಕೆ. ಅವಳೂ ನಕ್ಕಳು. ನಕ್ಕ ಮೇಲೆ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು.

ಬಿಸಿಲು ತಿಂಗಳು, 27

ಕಾಂಕ್ರೀಟು ಬಿತ್ತು. ಉತ್ತರದ ಅಂಚಿನಿಂದ ಶುರುಮಾಡಿ ನಡುಮಧ್ಯ ದಾಟಿ ದಕ್ಷಿಣದ ಅಂಚಿನವರೆಗೆ ಬಂದೆವು. ಈ ಕಡೆ ನಿಂತು ಕೂಗಿದರೆ ಆ ಕಡೆಯವನಿಗೆ ಕೇಳುವುದಿಲ್ಲ, ಅಷ್ಟು ಅಗಲ. ಎಲ್ಲ ನನ್ನ ಉಸ್ತುವಾರಿ. ನನ್ನ ಕೈಯಲ್ಲಿ ಸಲಿಕೆ ಇರಲಿಲ್ಲ ಎಂದು ಬಡಗಿ ಹೇಳಿಕೊಂಡು ತಿರುಗುತ್ತಿದ್ದಾನೆ. ಮುಖ್ಯ ಮೇಸ್ತ್ರಿಯ ಕೈಯಲ್ಲಿ ಸಲಿಕೆ ಏಕಿರಬೇಕು.

ಕಾಂಕ್ರೀಟು ಇನ್ನೂ ಮೆತ್ತಗಿದ್ದಾಗ ನಾನು ನಡುಮಧ್ಯದಲ್ಲಿ ಅದರ ಮೇಲೆ ಕಾಲಿಟ್ಟೆ. ಹಡಗಿನ ಕ್ಯಾಪ್ಟನ್ನು ಇಳಿದ ಕೂಡಲೇ ನನ್ನ ಹೆಜ್ಜೆ ಕಾಣಲಿ ಎಂದು. ನಕ್ಷೆ ಬಂದು, "ಯಾರ ಕಾಲಿದು?" ಎಂದಳು. ಬಡಗಿಯದು ಎಂದೆ. ಪಾಪ, ಅವನಿಗೆ ಸರಿಯಾಗಿ ಬೈಸಿಕೊಳ್ಳುವ ಯೋಗವಿತ್ತು.

ಗಾಳಿ ತಿಂಗಳು, 1

ಬಿಸಿಗಾಳಿಗೆ ನೆಲದ ಮೇಲ್ಮೈ ಒಣಗಿ ಕೂದಲೆಳೆಯಂಥ ಬಿರುಕು ಬಿಡತೊಡಗಿತ್ತು. ನಕ್ಷೆ ಊಟ ಬಿಟ್ಟು ಅದರ ಮೇಲೇ ಕೂತಿದ್ದಳು. ಆಗ ಬಂತು ನೋಡಿ ನನ್ನ ತಲೆ ಉಪಯೋಗಕ್ಕೆ.

"ನೀರು ಕಟ್ಟೋಣ," ಎಂದೆ.

ಇದು ತಾತನ ವಿದ್ಯೆ. ತಾತ ಬಂದದ್ದು ಎಲ್ಲಿಂದಲೋ, ನೀರಿಗೆ ಬರವಿಲ್ಲದ ಸೆಕೆಯ ಊರಿನಿಂದ. ಹಸಿ ನೆಲದ ಮೇಲೆ ಗೇಣೆತ್ತರದ ಮಣ್ಣಿನ ಬದು ಹಾಕಿ, ಮಡಿ ಮಾಡಿ, ಒಳಗೆ ನೀರು ನಿಲ್ಲಿಸಬೇಕು. ನೆಲ ಆ ನೀರು ಕುಡಿದು ಗಟ್ಟಿಯಾಗುತ್ತದೆ. ಕಣಿವೆಯಲ್ಲಿ ನಮ್ಮ ಮನೆ, ಶಾಲೆ, ಆಫೀಸು ಎಲ್ಲ ಹೀಗೇ ಎದ್ದದ್ದು. ನಕ್ಷೆ ಸ್ವಲ್ಪ ಯೋಚಿಸಿ, "ಮಾವ, ನೀವು ಅಪರೂಪಕ್ಕೆ ಸರಿಯಾಗಿ ಮಾತಾಡ್ತೀರಿ," ಎಂದಳು.

ಸಂಜೆಯ ಹೊತ್ತಿಗೆ ಬಯಲಿನ ತುಂಬ ನೀರಿನ ಮಡಿಗಳು. ಒಂದೊಂದರಲ್ಲೂ ಒಂದೊಂದು ಆಕಾಶ. ಬಿರುಕು ನಿಂತಿತು. ಎಲ್ಲರೂ ಅದನ್ನು ಮಾವನ ಮಡಿ ಎನ್ನುತ್ತಿದ್ದಾರೆ. ಕೇಳದವರಿಗೂ ನಾನೇ ಹೋಗಿ ಹೇಳಿಬಂದೆ, ಇದು ಯಾರ ಉಪಾಯ ಎಂದು. ಮಂಕು ತಿಂಗಳು ಹುಟ್ಟುವವರೆಗೂ ಮಡಿ ತುಂಬಿಸುತ್ತಲೇ ಇರಬೇಕು. ಜಾಸ್ತಿ ನೀರು ಬೇಕಾಯಿತು. ಅದನ್ನೂ ನನ್ನ ಹೆಸರಿಗೇ ಹಾಕಿಕೊಳ್ಳಲು ಹೇಳಿದೆ. ಒಟ್ಟು ಈಗ ನೂರಿಪ್ಪತ್ತು ಆಗಿರಬಹುದು.

ಗಾಳಿ ತಿಂಗಳು, 13

ಅಕ್ಕನ ಪಾದ ಊದಿಕೊಂಡಿದೆ. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ. ಒತ್ತಿ ನೋಡಬೇಡ ಕಣೋ, ಅದೇನು ನಿನ್ನ ಕಾಂಕ್ರೀಟಾ, ಎಂದಳು.

ಈಗ ಪಾತ್ರೆ ನಾನೇ ಉಜ್ಜುತ್ತೇನೆ, ಮರಳಿನಲ್ಲಿ. ಮರಳಿನಲ್ಲಿ ಉಜ್ಜಿದರೆ ಹೊಳಪು ಹೆಚ್ಚು ಎಂದು ಅಕ್ಕನಿಗೆ ಹೇಳಿದ್ದೇನೆ. ಮೇಸ್ತ್ರಿ ಕೆಲಸಕ್ಕೆ ದಿನಗೂಲಿಯಾಗಿ ಒಂದು ಕೊಡ ಸಿಗುತ್ತದೆ. ಅದನ್ನೇ ತಂದು, ತೊಟ್ಟಿಯಿಂದ ತಂದೆ ಎಂದು ಒಲೆಯ ಪಕ್ಕ ಇಡುತ್ತೇನೆ. ಅವಳಿಗೆ ಮಾತ್ರೆ ನುಂಗಲು, ಕಾಳು ಬೇಯಿಸಲು ಸಾಕು. ನನಗೆ ಬಾಯಾರಿಕೆ ಕಡಿಮೆ, ಚಿಕ್ಕಂದಿನಿಂದಲೂ ಹಾಗೇ.

ಗಾಳಿ ತಿಂಗಳು, 22

ಮನೆಯ ಮುಂದಿನ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕ ಎರಡು ಸಲ ಕೂತಳು. ನಾನು ಹಿಂದೆ ನಿಂತಿದ್ದೆ. ಹಿಡಿಯಲೋ ಬೇಡವೋ ತಿಳಿಯಲಿಲ್ಲ. ಹಿಡಿದರೆ ಬೈಯುತ್ತಾಳೆ.

ಗಾಳಿ ತಿಂಗಳು, 29

ಅಕ್ಕ ಚೀಲ ಕಟ್ಟಿಟ್ಟಿದ್ದಾಳೆ. ಎರಡು ಸೀರೆ, ಬಾಚಣಿಗೆ, ಕನ್ನಡಕದ ಡಬ್ಬಿ, ಮಗಳು ಎರಡನೆಯ ಕ್ಲಾಸಿನಲ್ಲಿ ಬರೆದ ಒಂದು ಮನೆಯ ಚಿತ್ರ.

"ಇದನ್ನೂ ತಗೊಂಡು ಹೋಗ್ತೀಯಾ?" ಎಂದೆ.

"ಅಲ್ಲಿಯವರು ಕೇಳ್ತಾರೆ, ಬಂದರು ಕಟ್ಟಿದವಳು ಯಾರು ಅಂತ. ನೋಡಿ, ಆಗಲೇ ಗೆರೆ ನೆಟ್ಟಗೆ ಎಳೀತಿದ್ಳು ಅಂತ ತೋರಿಸ್ತೀನಿ."

"ನನ್ನ ಬಗ್ಗೆ ಏನು ತೋರಿಸ್ತೀಯಾ?"

"ನಿನ್ನ ಬಗ್ಗೆ ತೋರಿಸೋದು ಏನೂ ಬೇಡ. ನೀನೇ ಹಡಗಿನ ಕಿಟಕಿ ಹತ್ರ ಬಂದು ಹೇಳ್ತೀಯಲ್ಲ."

ಮಂಕು ತಿಂಗಳು, 3

ಇದನ್ನು ಹೇಗೆ ಬರೆಯುವುದೆಂದು ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಬಯಲು ಹತ್ತಿದಾಗ ಮಡಿಗಳ ಮೇಲೆ ಯಾರೋ ಗಾಜು ಹಾಸಿ ಹೋಗಿದ್ದರು. ಎಷ್ಟು ಚಂದ ಇತ್ತೆಂದರೆ ನಾವೆಲ್ಲ ಸುಮ್ಮನೆ ನಿಂತು ನೋಡಿದೆವು. ಬಡಗಿ ಬಗ್ಗಿ ಮುಟ್ಟಿ, ಸುಟ್ಟಿತು ಎಂದು ಕೈ ಎಳೆದುಕೊಂಡ. ನಾನು ಮುಟ್ಟಿದೆ. ಸುಡಲಿಲ್ಲ, ಆದರೆ ಬೆರಳಿಗೆ ಏನೋ ಆಯಿತು. ಕಾಲಿನಿಂದ ಒದ್ದೆ. ಒಡೆದ ಚೂರಿನ ಜೊತೆ ನೆಲದ ಚಕ್ಕೆಯೂ ಎದ್ದು ಬಂತು.

ನೀರೇ ಗಟ್ಟಿಯಾಗಿತ್ತು.

ಕಣಿವೆಯಲ್ಲಿ ಹುಟ್ಟಿದವರಿಗೆ ಇದು ಹೇಗೆ ಗೊತ್ತಿರಬೇಕು. ನಮ್ಮ ಕಾಲ ಕೆಳಗೆ ಬಿಸಿ ಊಟೆ. ಮಂಕು ತಿಂಗಳಲ್ಲೂ ನಮ್ಮ ನೆಲ ಬೆಚ್ಚಗೆ. ಬಯಲಿನ ಮೇಲೆ ಯಾರೂ ರಾತ್ರಿ ಮಲಗಿದವರಲ್ಲ, ಮಲಗುವ ಕಾರಣವೂ ಇರಲಿಲ್ಲ. ನಕ್ಷೆ ಪುಸ್ತಕದಲ್ಲಿ ಓದಿದ್ದಳಂತೆ, ನೀರು ಹೀಗೂ ಆಗುತ್ತದೆ, ಆಗುವಾಗ ಹಿಗ್ಗುತ್ತದೆ ಎಂದು. "ನಮ್ಮ ಥರ್ಮಾಮೀಟರು ಆಫೀಸಿನ ಛಾವಣಿ ಮೇಲಿತ್ತು, ಮಾವ," ಎಂದಳು. "ಆಫೀಸು ಕಣಿವೆಯಲ್ಲಿದೆ." ಮತ್ತೆ ಮತ್ತೆ ಅದನ್ನೇ ಹೇಳಿದಳು.

ಮಂಕು ತಿಂಗಳು, 4

ಯಾರೂ ನನಗೆ ಏನೂ ಹೇಳುತ್ತಿಲ್ಲ. ಹೇಳುವ ಅಗತ್ಯವಿಲ್ಲ. ಮಾವನ ಮಡಿ ಎಂದು ಊರಿಗೆಲ್ಲ ಡಂಗುರ ಸಾರಿದವನು ನಾನೇ. ಈಗ ಅದು ಬೇರೆಯವರ ಉಪಾಯ ಎಂದರೆ ನಂಬುವವರು ಯಾರು.

ಬಡಗಿಯಾದರೂ ಗೇಲಿ ಮಾಡಬಹುದಿತ್ತು. ಮಾಡಲಿಲ್ಲ. ತನ್ನ ಬುತ್ತಿಯಲ್ಲಿ ಅರ್ಧ ನನ್ನ ಮುಂದೆ ಇಟ್ಟು ಹೋದ.

ಮಂಕು ತಿಂಗಳು, 8

ಎದ್ದ ಚಕ್ಕೆಗಳನ್ನು ಕೆರೆದು ಮೇಲೆ ತೆಳ್ಳಗೆ ಗಾರೆ ಬಳಿದೆವು. ಮೊದಲಿನಿಂದ ಮತ್ತೆ ಹಾಕೋಣವೆಂದರೆ ಊರಿನಲ್ಲಿ ಅಷ್ಟು ನೀರಿಲ್ಲ. ಈ ಸಲ ಸಲಿಕೆ, ಕರಣೆ ಎಲ್ಲ ನನ್ನ ಕೈಯಲ್ಲೇ ಇತ್ತು. ಇಡೀ ದಿನ ಮಂಡಿಯೂರಿ ಬಳಿದೆ. ಈಗ ನೋಡಿದರೆ ನುಣ್ಣಗೆ, ಮದುಮಗಳ ಕೆನ್ನೆಯ ಹಾಗಿದೆ. ನಕ್ಷೆ ಮಟ್ಟ ಹಿಡಿದು ನೋಡಿದಳು. ಎಲ್ಲೆಡೆ ಸಮ. ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು.

ಅವಳು ಹೋದ ಮೇಲೆ ಸುತ್ತಿಗೆಯಿಂದ ತಟ್ಟಿ ನೋಡಿದೆ. ಅಂಚಿನಲ್ಲಿ ಟಣ್ ಎಂದಿತು. ನಡುವಿಗೆ ಹೋಗುತ್ತ ಹೋಗುತ್ತ ಸದ್ದು ಸತ್ತಿತು. ನಡುಮಧ್ಯದಲ್ಲಿ, ಹಡಗು ಕೂರುವ ಜಾಗದಲ್ಲಿ, ಹಳೆಯ ಮಡಕೆ ತಟ್ಟಿದ ಹಾಗೆ ಬೊಳ್ ಎನ್ನುತ್ತದೆ.

ಇನ್ನೊಂದು ಸಲ ತಟ್ಟಲಿಲ್ಲ.

ಮಂಕು ತಿಂಗಳು, 11

ಅಕ್ಕ ಈಗ ಕೂತೇ ನಿದ್ದೆ ಮಾಡುತ್ತಾಳೆ. ಮಲಗಿದರೆ ಉಸಿರು ಕಟ್ಟುತ್ತದೆ. ಬೆನ್ನಿಗೆ ದಿಂಬು ಕೊಟ್ಟು ನಾನು ಪಕ್ಕದಲ್ಲಿ ಕೂರುತ್ತೇನೆ. ಇವತ್ತು ಕೇಳಿದಳು: "ಹಡಗು ಏಳುವಾಗ ಜೋರಾಗಿ ಅಲ್ಲಾಡುತ್ತಂತೆ, ಹೌದೇನೋ?"

"ಇಲ್ಲ. ತೊಟ್ಟಿಲು ತೂಗಿದ ಹಾಗೆ ಇರುತ್ತೆ."

"ನೀನು ಹತ್ತಿದ್ದೀಯಲ್ಲ, ಅದಕ್ಕೇ ಗೊತ್ತು."

ಬೇರೆ ಯಾವಾಗಲಾದರೂ ಆಗಿದ್ದರೆ ಹತ್ತಿದ್ದೇನೆ ಎನ್ನುತ್ತಿದ್ದೆ. ಇವತ್ತು ಅವಳ ತುಟಿಯ ಬಣ್ಣ ನೋಡುತ್ತಿದ್ದೆ.

ಮಂಕು ತಿಂಗಳು, 14

ಬೆಳಿಗ್ಗೆ ಹಡಗಿನ ಕರೆ ಬಂತು. ನಾಳೆ ಸಂಜೆ ನಮ್ಮ ಮೇಲೆ ಬರುತ್ತಾರೆ. ಒಳಗೆ ಇನ್ನೂರ ಹತ್ತು ಜನ. ನೆಲ ತಡೆಯುತ್ತದೆಯೋ ಇಲ್ಲವೋ, ಒಂದು ಮಾತಿನಲ್ಲಿ ಹೇಳಿ ಎಂದರು.

ರೇಡಿಯೋ ಕೋಣೆಯಲ್ಲಿ ನಕ್ಷೆ, ನಾನು ಇಬ್ಬರೇ. ನನ್ನನ್ನು ಯಾಕೆ ಕರೆದಳೋ, ಮೇಸ್ತ್ರಿ ಎಂದೋ, ಮಾವ ಎಂದೋ. ಅವಳು ಹೌದು ಎನ್ನಲು ಗುಂಡಿಯ ಮೇಲೆ ಆಗಲೇ ಬೆರಳಿಟ್ಟಿದ್ದಳು. ಸುಮ್ಮನೆ ಮಾತಿಗೆಂದು ನನ್ನ ಕಡೆ ತಿರುಗಿದಳು.

"ತಡೆಯುತ್ತೆ ಅಲ್ವಾ, ಮಾವ?"

ಜೀವಮಾನದಲ್ಲಿ ಯಾರು ಏನು ಕೇಳಿದರೂ ಹೌದು ಎಂದವನು ನಾನು. ಈಜು ಬರುತ್ತಾ ಎಂದರೆ ಹೌದು. ಇಲ್ಲಿ ಈಜಲು ನೀರೇ ಇಲ್ಲ. ಅವಳಿಗೂ ಬೇಕಾಗಿದ್ದದ್ದು ಅದೊಂದೇ ಮಾತು.

"ತಡೆಯೋದಿಲ್ಲ," ಎಂದೆ.

ಬೆರಳು ಗುಂಡಿಯ ಮೇಲೆ ಹಾಗೇ ಇತ್ತು.

"ನಡುವೆ ಟೊಳ್ಳಾಗಿದೆ. ತಟ್ಟಿ ನೋಡಿದ್ದೀನಿ. ಕೂತರೆ ಒಂದು ಕಾಲು ಕುಸಿಯುತ್ತೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀರು ಎಲ್ಲಿಂದ ತರ್ತಿದ್ದೆ, ಮಗಳೇ?"

ಅವಳು ಯಂತ್ರದ ಕಡೆ ತಿರುಗಿದಳು. ಅದರೊಳಗಿನಿಂದ ಯಾರೋ, ಕೇಳಿಸುತ್ತಿದೆಯೇ, ಕೇಳಿಸುತ್ತಿದೆಯೇ ಎನ್ನುತ್ತಿದ್ದರು. ಆಮೇಲೆ ಅವಳು ಇಲ್ಲ ಎಂದಳು. ಇಳಿಯಬೇಡಿ ಎಂದಳು. ದನಿ ನಡುಗಲಿಲ್ಲ. ಗುಂಡಿ ಬಿಟ್ಟ ಮೇಲೆ ಕಂಕುಳಿನ ಸುರುಳಿಯನ್ನು ಮೇಜಿನ ಮೇಲಿಟ್ಟಳು.

ನಾನೇಕೆ ಹಾಗೆ ಅಂದೆನೋ. ಸುಮ್ಮನಿದ್ದರೂ ಆಗುತ್ತಿತ್ತು.

ಮಂಕು ತಿಂಗಳು, 15

ಹೋಯಿತು. ಕಿಂಡಿಯಿಂದ ಬಂತು, ನಾನು ತೋರಿಸಿದ ಕಡೆಯಿಂದಲೇ. ಕಿಟಕಿಯಿಂದ ಅಕ್ಕನಿಗೆ ಕಂಡಿತು. ಎಷ್ಟು ಬೆಳಕು, ಎಂದಳು.

ಚೀಲ ಬಿಚ್ಚಲು ಅವಳು ಯಾರಿಗೂ ಹೇಳಲಿಲ್ಲ. ನಾನೂ ಮುಟ್ಟಲಿಲ್ಲ.

ಮಂಕು ತಿಂಗಳು, 23

ಬೆಳಿಗ್ಗೆ ಅಕ್ಕ, "ನಿಮ್ಮ ಬಂದರು ನೋಡ್ಬೇಕು ಕಣೋ," ಎಂದಳು. ಬೇಡ ಎಂದೆ. ಮೇಲೆ ಚಳಿ ಎಂದೆ. ಹದಿನಾಲ್ಕು ವರ್ಷ ಬಿಟ್ಟು ಕರ್ಕೊಂಡು ಹೋಗ್ತೀಯಾ, ಎಂದು ಕೇಳಿದಳು.

ಕಾಂಕ್ರೀಟು ಸಾಗಿಸುವ ಕೈಗಾಡಿಯಲ್ಲಿ ಹಾಸಿಗೆ ಹಾಸಿದೆ. ಬಡಗಿ ಎರಡು ಬದಿಗೂ ಹಲಗೆ ಬಡಿದುಕೊಟ್ಟ. ನಕ್ಷೆ ಕಂಬಳಿ ಹೊದಿಸಿ ತಾನೂ ಬರುತ್ತೇನೆಂದಳು. ಬೇಡ, ನೀನು ನಿದ್ದೆ ಮಾಡು, ಎಂದು ಅಕ್ಕ ಅವಳನ್ನು ಮನೆಯಲ್ಲೇ ಬಿಟ್ಟಳು. ದಾರಿಯುದ್ದಕ್ಕೂ ಬೈಗುಳ. "ಹೆಣ ಸಾಗಿಸೋ ಹಾಗೆ ತಳ್ತೀಯಲ್ಲೋ, ಸ್ವಲ್ಪ ಬೇಗ ನಡಿ. ಕಲ್ಲು ಬಂದ್ರೆ ಪಕ್ಕಕ್ಕೆ ತಿರುಗಿಸು, ಹತ್ತಿಸಿ ಇಳಿಸ್ಬೇಡ." ಮಾತಿನ ನಡುವೆ ಉಸಿರಿಗೆ ನಿಲ್ಲಿಸುತ್ತಿದ್ದಳು. ನಾನೂ ಗಾಡಿ ನಿಲ್ಲಿಸುತ್ತಿದ್ದೆ. ಚಕ್ರ ಬಿಗಿಯಾಗಿದೆ ಎಂದು ನೆಪ ಹೇಳುತ್ತಿದ್ದೆ.

ಅಂಚಿಗೆ ಬಂದ ಮೇಲೆ ಇಳಿಸು ಎಂದಳು. ನನ್ನ ಭುಜ ಹಿಡಿದು ನಿಂತಳು. ಇಷ್ಟಗಲ ನೆಲವನ್ನು ಅವಳು ಹುಟ್ಟಿದಾಗಿನಿಂದ ನೋಡಿಲ್ಲ. ಯಾರೂ ನೋಡಿಲ್ಲ. ಚಪ್ಪಲಿ ಕಳಚಿ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿದಳು.

"ಚೆನ್ನಾಗಿ ಸಮ ಬಂದಿದೆ."

ನಡುವಿನವರೆಗೆ ಗಾಡಿಯಲ್ಲಿ ಕರೆದೊಯ್ದೆ. ಗಾರೆ ಬಳಿಯುವಾಗ ನನ್ನ ಹೆಜ್ಜೆಯೊಂದನ್ನು ಮುಚ್ಚದೆ ಬಿಟ್ಟಿದ್ದೆ. ಅವಳು ಗಾಡಿಯಿಂದ ಬಗ್ಗಿ ನೋಡಿದಳು.

"ಬಡಗಿ ಹೆಜ್ಜೆ," ಎಂದೆ.

"ಚಪ್ಪಲಿ ಹಿಮ್ಮಡಿ ಹತ್ರ ಅಡ್ಡ ಹೊಲಿಗೆ ಇದೆ. ಆ ಹೊಲಿಗೆ ಹಾಕಿದವಳು ನಾನು."

ಕಾಲನ್ನು ಗಾಡಿಯ ಹಿಂದಕ್ಕೆ ಎಳೆದುಕೊಂಡೆ.

"ಇದರೊಳಗೆ ನಮ್ಮ ನೀರು ಎಷ್ಟಿದೆ?"

ನಲವತ್ತು ಎಂದು ಶುರುಮಾಡಿದೆ. ನಿಲ್ಲಿಸಿ, ಎಷ್ಟಿದೆಯೋ ಅಷ್ಟನ್ನು ಹೇಳಿದೆ. ಮನೆಯ ಕೊಡ ತೊಟ್ಟಿಯದಲ್ಲ, ನನ್ನ ಕೂಲಿಯದು ಎನ್ನುವುದನ್ನೂ ಹೇಳಿದೆ.

ಗಾಳಿ ಬೀಸುತ್ತಿತ್ತು. ಅವಳು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಹತ್ತರಿಂದ ಭಾಗಿಸ್ಲಾ?"

"ಬೇಡ ಅಕ್ಕ."

ಅವಳ ಎದೆಯೊಳಗೆ ಏನೋ ಗೊರಗೊರ ಎಂದಿತು. ಹೆದರಿ ಹತ್ತಿರ ಹೋದೆ. ನಗುತ್ತಿದ್ದಳು. "ಲೋ," ಎಂದಳು, ಉಸಿರು ತೆಗೆದುಕೊಂಡು, "ಹುಟ್ಟಿದಾಗಿನಿಂದ ಎಲ್ಲಾನೂ ದೊಡ್ಡದು ಮಾಡಿ ಹೇಳಿದವನು ನೀನು. ಇದೊಂದನ್ನ ಚಿಕ್ಕದು ಮಾಡಿದೆಯಲ್ಲೋ."

ಆಮೇಲೆ ಮನೆಗೆ ಹೋಗೋಣ ಎಂದಳು. ಇಳಿಜಾರಿನಲ್ಲಿ ಗಾಡಿಯನ್ನು ಎಳೆದು ಹಿಡಿದು ಮೆಲ್ಲಗೆ ಇಳಿಸಿದೆ. ಬೇಗ ನಡಿ ಎಂದು ಈ ಸಲ ಅವಳು ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು. ಕಂಬಳಿ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ನಡೆದೆ.

ಈಗ ಒಳಗೆ ದಿಂಬಿಗೆ ಒರಗಿ ನಿದ್ದೆ ಮಾಡುತ್ತಿದ್ದಾಳೆ. ಇಲ್ಲಿಗೇ ಉಸಿರು ಕೇಳಿಸುತ್ತದೆ. ಹಿಂದಿನ ಹಾಳೆಗಳಲ್ಲಿ ನಲವತ್ತು ಎಂದೂ, ನೂರಿಪ್ಪತ್ತು ಎಂದೂ ಇದೆ. ಹೊಡೆದುಹಾಕಿಲ್ಲ, ಇರಲಿ.

ಅಪ್ಪ ಉಳಿಸಿದ್ದು, ನಾನು ಉಳಿಸಿದ್ದು, ಅಕ್ಕ ತನ್ನ ಮುಪ್ಪಿಗೆಂದು ಇಟ್ಟದ್ದು. ಒಂಬೈನೂರ ಅರವತ್ತು ಕೊಡ.